ಗಿರಗಿರ ಚಿತ್ರ ಸಾಕು, ಅಲೆಯ ಎತ್ತರ ಹೇಳಿ

ಮಾನ್ಯರೇ,

ಬಿಸಿಲು ವಾಡಿಕೆಗಿಂತ ಜಾಸ್ತಿ ಎಂಬ ಬೇಸಿಗೆ ಮುನ್ಸೂಚನೆ ಓದಿದರೆ, ಮೀನು ಒಣಗಿಸುವ ನಮಗೆ ಬೇಸರವೇನಿಲ್ಲ. ನಮ್ಮ ಹೆದರಿಕೆ ಇರುವುದು ಮೇ ತಿಂಗಳ ಕಡಲಿನದ್ದು. 2021ರಲ್ಲಿ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ಮೇ 17ರ ರಾತ್ರಿ, ದೂರದ ಗುಜರಾತ್ ಕರಾವಳಿಯಲ್ಲಿ. ಅದಕ್ಕೂ ಎರಡು ದಿನ ಮೊದಲೇ ಉಡುಪಿ ಜಿಲ್ಲೆಯಲ್ಲಿ ಕಡಲು ದಂಡೆ ದಾಟಿ ಮೇಲೆ ಬಂದಿತ್ತು. ‘ಅದು ಅತ್ಲಾಗೆ ಹೋಗ್ತದಂತೆ ಮಾರಾಯ್ರೆ’ ಎಂದು ನಂಬಿ ಕೂತವರ ಒಣ ಚಟ್ಲಿ (ಸೀಗಡಿ) ಟಾರ್ಪಾಲಿನ ಅಡಿಯಲ್ಲೇ ಬೆವೆತು, ಕೆಂಪು ಹೋಗಿ ಕಪ್ಪಾಗಿ, ಮುಗ್ಗಲು ವಾಸನೆ ಹೊಡೆಯಿತು. ಅಂಥದ್ದನ್ನು ಘಟ್ಟದ ಮೇಲಿನ ವ್ಯಾಪಾರಿಗಳು ಮೂಸಿಯೂ ನೋಡುವುದಿಲ್ಲ.

ಚಂಡಮಾರುತ ಎಲ್ಲಿ ಅಪ್ಪಳಿಸುತ್ತದೆ ಎಂದು ಟೀವಿಯವರು ದಿನವಿಡೀ ಗಿರಗಿರ ತಿರುಗುವ ಚಿತ್ರ ತೋರಿಸುತ್ತಾರೆ. ಅದು ಎಲ್ಲಿಗಾದರೂ ಹೋಗಲಿ; ನಾಳೆ ನಮ್ಮ ದಂಡೆಯಲ್ಲಿ ಅಲೆ ಎಷ್ಟು ಮೀಟರ್, ಗಾಳಿ ಯಾವ ಕಡೆಯಿಂದ ಎಂಬುದಷ್ಟೇ ನಮಗೆ ಬೇಕು. ಹೈದರಾಬಾದಿನಲ್ಲಿರುವ, ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತಲೇ ಇದೆ. ಮೊಬೈಲಿನಲ್ಲಿ ಹುಡುಕಲು ಬಾರದ ನಮ್ಮಂಥವರಿಗೆ ಅದನ್ನು ತಲುಪಿಸುವವರು ಯಾರು? ಏಪ್ರಿಲ್‌ನಿಂದ ಜೂನ್‌ವರೆಗಾದರೂ ತಮ್ಮ ಕರಾವಳಿ ಆವೃತ್ತಿಯಲ್ಲಿ, ಚಿನ್ನದ ದರದ ಪಕ್ಕದಲ್ಲೇ ಆಗಲಿ, ಕಾರವಾರ, ಭಟ್ಕಳ, ಗಂಗೊಳ್ಳಿ, ಮಲ್ಪೆ, ಮಂಗಳೂರು ಎಂದು ಬೇರೆ ಬೇರೆಯಾಗಿ ಒಂದೊಂದು ಸಾಲು ಹಾಕಿ. ಅಕ್ಷರ ಸ್ವಲ್ಪ ದೊಡ್ಡದಿರಲಿ.

– ಒಣಮೀನು ವ್ಯಾಪಾರಿ, ಗಂಗೊಳ್ಳಿ