ಮಗುವಿನ ಕಣ್ಣು ಉಳಿಸಿದವರಿಗೆ ಧನ್ಯವಾದ

ಮಧುಗಿರಿ ಕಡೆಯ ಮಗುವಿನ ಕಣ್ಣು ತನ್ನ ಜಾಗಕ್ಕೆ ಮರಳಿದೆ, ದೃಷ್ಟಿ ಪೂರ್ತಿ ಇದೆ. ಮೂಗಿನ ಪಕ್ಕದ ಎತ್ಮಾಯ್ಡ್ ಸೈನಸ್‌ (ಎಲುಬಿನೊಳಗಿನ ಗಾಳಿಗೂಡು) ಒಳಗೆ ಹುಟ್ಟಿದ ಮ್ಯೂಕೋಸೀಲ್, ಅಂದರೆ ಸಿಂಬಳ ತುಂಬಿದ ಚೀಲ, ಕಣ್ಣುಗೂಡಿಗೆ ನುಗ್ಗಿತ್ತು. ಆಪರೇಷನ್ ಮಾಡಿದ ತುಮಕೂರಿನ ನಮ್ಮ ಇಎನ್‌ಟಿ ತಂಡ ಮೊದಲು ಕೈಮುಗಿಯಬೇಕಾದದ್ದು ಶಾಲೆಯ ಮೇಡಂಗೆ. ಮಗು ಕತ್ತು ಓರೆ ಮಾಡಿ ಬೋರ್ಡ್ ನೋಡುವುದನ್ನು ಗಮನಿಸಿದ್ದು ಅವರೇ. ಎಲ್ಲವೂ ಎರಡೆರಡಾಗಿ ಕಂಡರೆ ಮಕ್ಕಳು ಹಾಗೆ ನೋಡುತ್ತಾರೆ. ಸೈನಸ್‌ನ ಬಾಯಿ ಮುಚ್ಚಿಕೊಂಡರೂ ಒಳಪೊರೆ ಸಿಂಬಳ ಸುರಿಸುತ್ತಲೇ ಇರುತ್ತದೆ. ಚೀಲ ಉಬ್ಬುತ್ತಾ, ಕಾಗದದಷ್ಟು ತೆಳುವಾದ ಎಲುಬನ್ನು ಸವೆಸಿ, ಕಣ್ಣನ್ನು ಹೊರಕ್ಕೆ, ಪಕ್ಕಕ್ಕೆ ತಳ್ಳುತ್ತದೆ. ಎಷ್ಟೋ ಸಲ ನೋವಿಲ್ಲ, ಜ್ವರವಿಲ್ಲ. ಮನೆಯವರಿಗೆ ಗೊತ್ತಾಗುವುದು ತಡ.

ಊರಿನ ಕ್ಲಿನಿಕ್‌ನ ಡಾಕ್ಟರೇ, ಕಣ್ಣಿನ ಒಳಮೂಲೆಯ ಊತಕ್ಕೆ ನೀವು ಸೂಜಿ ಚುಚ್ಚಲಿಲ್ಲ. ದೊಡ್ಡ ಉಪಕಾರ. ಮೆದುಳಿನ ಪೊರೆ ಇಳಿಬಿದ್ದರೂ ಮಕ್ಕಳಲ್ಲಿ ಅದೇ ಜಾಗ ಹಾಗೇ ಉಬ್ಬಬಹುದು. ಮ್ಯೂಕೋಸೀಲೇ ಆಗಿದ್ದರೂ ಸೂಜಿಯಿಂದ ಕೀವಾಗುವ ಭಯ, ಮುಚ್ಚಿದ ಬಾಯಂತೂ ತೆರೆಯುವುದಿಲ್ಲ.

ಕಣ್ಣಿನ ವಿಭಾಗದವರು ಕೆಂಪು ಪೆನ್ನಿನ ಮುಚ್ಚಳವನ್ನು ಒಂದೊಂದೇ ಕಣ್ಣಿಗೆ ತೋರಿಸಿ ಬಣ್ಣ ಕೇಳಿದರು. ಊದಿದ ಕಡೆ ಕೆಂಪು ಮಂಕಾಗಿ ಕಂಡರೆ ದೃಷ್ಟಿನರದ ಮೇಲೆ ಒತ್ತಡ ಬಿದ್ದಿರುವ ಅನುಮಾನ. ಆಮೇಲೆ ಒಂದೊಂದು ಗಂಟೆಯೂ ಲೆಕ್ಕ. ಇಲ್ಲಿ ಎರಡೂ ಕಣ್ಣಿಗೆ ಒಂದೇ ಕೆಂಪು. ಹಾಗಾಗಿ ಸಿ.ಟಿ., ಎಂ.ಆರ್.ಐ. ಎರಡನ್ನೂ ನೋಡಿ ತಯಾರಾಗಲು ನಮಗೆ ಬಿಡುವು ಸಿಕ್ಕಿತು. 1 ಮಿಲಿಮೀಟರಿಗೂ ತೆಳುವಾದ ಪದರಗಳು ಚೊಕ್ಕವಾಗಿ ಬರಲೆಂದು ಮಗುವನ್ನು ರಮಿಸಿ ಅಲುಗದಂತೆ ಮಲಗಿಸಿದ ಟೆಕ್ನಿಷಿಯನ್‌ಗೂ, ಅರಿವಳಿಕೆಯವರಿಗೂ ನಮಸ್ಕಾರ.

ಮೂಗಿನೊಳಗಿಂದಲೇ ಎಂಡೋಸ್ಕೋಪ್ ಹಾಕಿ ಚೀಲದ ಬಾಯಿಯನ್ನು ಅಗಲವಾಗಿ ಬಿಡಿಸಿದ್ದೇವೆ. ಮುಖದ ಮೇಲೆ ಗಾಯವಿಲ್ಲ. ಒಳಪೊರೆಯನ್ನು ಕೆರೆದು ತೆಗೆದಿಲ್ಲ, ಏಕೆಂದರೆ ಎಲುಬು ಸವೆದ ಕಡೆ ಅದು ಕಣ್ಣುಗೂಡಿಗೇ ಅಂಟಿಕೊಂಡಿರುತ್ತದೆ.

ಇನ್ನು ಮುಂದಿನದು ಅಪ್ಪ-ಅಮ್ಮನ ಕೈಯಲ್ಲಿ. ಬೋರ್‌ವೆಲ್ ನೀರನ್ನು 5 ನಿಮಿಷ ಕುದಿಸಿ ಆರಿಸಿ, ಅರ್ಧ ಲೀಟರಿಗೆ ಅಯೋಡಿನ್ ಇಲ್ಲದ ಉಪ್ಪು ಮಟ್ಟಸವಾಗಿ 1 ಟೀ ಚಮಚ ಬೆರೆಸಿ, ದಿನಕ್ಕೆರಡು ಸಲ ಮೂಗು ತೊಳೆಯುತ್ತಿದ್ದಾರೆ. ಮಕ್ಕಳಲ್ಲಿ ಮ್ಯೂಕೋಸೀಲ್ ಕಂಡರೆ ಸಿಸ್ಟಿಕ್ ಫೈಬ್ರೋಸಿಸ್ (ಸಿಂಬಳ, ಕಫ ಗಟ್ಟಿಯಾಗುವ ಹುಟ್ಟುಕಾಯಿಲೆ) ಇದೆಯೇ ಎಂದೂ ನೋಡಬೇಕು. ಅದನ್ನು ಪತ್ತೆಹಚ್ಚುವ ಬೆವರಿನ ಕ್ಲೋರೈಡ್ ಪರೀಕ್ಷೆಗೆ ಅಪ್ಪ-ಅಮ್ಮ ಒಂದೇ ಮಾತಿಗೆ ಒಪ್ಪಿದರು. ಅವರಿಗೆ ತುಂಬು ಹೃದಯದ ಧನ್ಯವಾದ, ಜೊತೆಗೊಂದು ವಿನಂತಿ. ಬಿಡಿಸಿದ ಬಾಯಿ ವರ್ಷಗಳ ನಂತರವೂ ಮತ್ತೆ ಮುಚ್ಚಿಕೊಳ್ಳಬಹುದು, ಚೆಕಪ್ ತಪ್ಪಿಸಬೇಡಿ. ರೆಪ್ಪೆ ಕೆಂಪಾಗಿ ಜ್ವರ ಬಂದರೆ ಚೆಕಪ್ ದಿನಕ್ಕೆ ಕಾಯದೆ, ನಡುರಾತ್ರಿಯಾದರೂ ಕರೆದುಕೊಂಡು ಬನ್ನಿ.