ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆಯಬೇಡಿ

ಮಾನ್ಯರೇ,

ಕೊಡಗಿನ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಯಾವಾಗ ಕೈಕೊಡುತ್ತವೋ ಹೇಳಲಾಗದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಮೇಲಂತೂ, ಕಂಪ್ಯೂಟರಿನಲ್ಲಿರುವ ಕೆಲಸದ ಇನ್ನೊಂದು ಪ್ರತಿ ಜಿಲ್ಲೆಯ ಹೊರಗೆ ಇರಲೇಬೇಕು ಎಂದು ನಮ್ಮಲ್ಲಿ ಹಲವರಿಗೆ ಅನಿಸಿದೆ. ಒಳ್ಳೆಯದೇ. ಆದರೆ ಆ ಪ್ರತಿ ಕಳಿಸುವ ರೀತಿ ನೋಡಿ ಭಯವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ವಿರಾಜಪೇಟೆಯಲ್ಲಿದ್ದುಕೊಂಡು, ಬೆಳೆಗಾರರು ಇಂಚು-ಸೆಂಟಿನಲ್ಲಿ ಬರೆದಿಡುವ ಮಳೆ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಅದರ ಗಿಟ್ ರೆಪೊಸಿಟರಿ, ಅಂದರೆ ಕೋಡನ್ನೂ ಅದರ ಹಳೆಯ ಬದಲಾವಣೆಗಳನ್ನೂ ಇಟ್ಟುಕೊಳ್ಳುವ ಸಂಗ್ರಹ, ರಾತ್ರಿ ತಾನಾಗಿಯೇ ದೂರದ ಸರ್ವರಿಗೆ ಮಿರರ್ ಆಗುತ್ತದೆ, ಅಂದರೆ ಅಲ್ಲಿ ಅದರ ಯಥಾಪ್ರತಿ ಸಿದ್ಧವಾಗುತ್ತದೆ. ಆ ಹೊತ್ತಿನಲ್ಲಿ ಪಾಸ್‌ವರ್ಡ್ ಟೈಪ್ ಮಾಡಲು ಯಾರೂ ಎದ್ದು ಕೂತಿರುವುದಿಲ್ಲ ಅಲ್ವಾ? ಹಾಗಾಗಿ ಎಷ್ಟೋ ಜನ ಪಾಸ್‌ವರ್ಡನ್ನೇ ಈ ಕೆಲಸ ಮಾಡಿಸುವ ಸ್ಕ್ರಿಪ್ಟಿನಲ್ಲಿ (ಕಮಾಂಡುಗಳನ್ನು ಬರೆದಿಟ್ಟ ಫೈಲಿನಲ್ಲಿ) ಬರೆದುಬಿಡುತ್ತಾರೆ. ಇತ್ತೀಚೆಗೆ ಇಲ್ಲಿನ ಒಂದು ಕಚೇರಿಯಲ್ಲಿ ಅದನ್ನೇ ಕಂಡೆ. ಸರ್ವರ್ ವಿಳಾಸದ ನಡುವೆ, ಆ್ಯಟ್ ಚಿಹ್ನೆಗೆ ಮೊದಲು, ಮುಖ್ಯಸ್ಥರ ಖಾತೆಯ ಪಾಸ್‌ವರ್ಡ್ ಇತ್ತು. ಆ ಫೈಲು ರೆಪೊಸಿಟರಿಯೊಳಗೇ ಸೇರಿತ್ತು. ಅಂದರೆ ಪ್ರತಿ ರಾತ್ರಿ ಕೋಡ್ ಜೊತೆ ಪಾಸ್‌ವರ್ಡೂ ಹೊರಗೆ ಹೋಗುತ್ತಿತ್ತು! ಈಗ ಆ ಸಾಲು ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ (ಗಿಟ್ ದಾಖಲಿಸಿಟ್ಟ ಹಿಂದಿನ ಆವೃತ್ತಿಗಳಲ್ಲಿ) ಅದು ಹಾಗೇ ಇರುತ್ತದೆ. ಪಾಸ್‌ವರ್ಡ್ ಬದಲಾಯಿಸಲೇಬೇಕು.

ಗಿಟ್ ರೆಪೊಸಿಟರಿಗಳನ್ನು ಇಡುವ ಜಾಲತಾಣವಾದ ಗಿಟ್‌ಹಬ್ 2021ರ ಆಗಸ್ಟ್ 13ರಿಂದಲೇ ಗಿಟ್ ಕೆಲಸಕ್ಕೆ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿದೆ. ಸ್ವಂತ ಸರ್ವರ್ ಇಟ್ಟುಕೊಂಡವರೂ ಎಸ್‌ಎಸ್‌ಎಚ್ ಕೀಗೆ, ಅಂದರೆ ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಜೋಡಿ ಕೀಗೆ, ಬದಲಾಗುವುದು ಕಷ್ಟವಲ್ಲ. ಎಸ್‌ಎಸ್‌ಎಚ್-ಕೀಜೆನ್ ಎಂಬ ಒಂದು ಕಮಾಂಡ್ ಕೊಟ್ಟರೆ ಎರಡು ಫೈಲು ಸಿಗುತ್ತವೆ. ಸಾರ್ವಜನಿಕ ಕೀ ಸರ್ವರಿನಲ್ಲಿ ಕೂರುತ್ತದೆ. ಖಾಸಗಿ ಕೀ ನಮ್ಮ ಯಂತ್ರದಲ್ಲೇ ಇರುತ್ತದೆ. ಲಾಗಿನ್ ಆಗುವಾಗ ಅದರಿಂದ ಹಾಕಿದ ಸಹಿ ಮಾತ್ರ ಹೋಗುತ್ತದೆ, ಕೀ ಹೋಗುವುದಿಲ್ಲ.

ಆದರೆ ತಾನಾಗಿಯೇ ನಡೆಯುವ ಕೆಲಸದ ಕೀಗೆ ಸಾಮಾನ್ಯವಾಗಿ ಪಾಸ್‌ಫ್ರೇಸ್ (ಕೀ ಫೈಲನ್ನೇ ಬೀಗ ಹಾಕಿಡುವ ಗುಪ್ತಪದ) ಇಡುವುದಿಲ್ಲ. ಫೈಲು ಸಿಕ್ಕವರಿಗೆ ಕೀ ಸಿಕ್ಕಂತೆಯೇ. ಅದಕ್ಕೇ ಫೈಲಿನ ಅನುಮತಿ 600 ಇರಬೇಕು, ಅಂದರೆ ಫೈಲಿನ ಮಾಲೀಕರು ಮಾತ್ರ ಅದನ್ನು ಓದಿ ಬರೆಯುವಂತಿರಬೇಕು. ಅದಕ್ಕಿಂತ ಮುಖ್ಯವಾಗಿ, ನಮ್ಮ ದಿನನಿತ್ಯದ ಕೀಯನ್ನು ಇದಕ್ಕೆ ಬಳಸಲೇಬಾರದು. ತೋಟದ ಗೇಟ್ ತೆಗೆಯುವವರಿಗೆ ಕಾಫಿ ಗೋದಾಮಿನ ಕೀಯನ್ನೂ ಕೊಡುತ್ತೇವಾ? ಗಿಟ್‌ಹಬ್‌ನಲ್ಲಿ ಇದಕ್ಕೆಂದೇ ಇರುವ ಡಿಪ್ಲಾಯ್ ಕೀ ಒಂದೇ ರೆಪೊಸಿಟರಿಗೆ ಸೀಮಿತ, ನಾವಾಗಿ ಬದಲಾಯಿಸದಿದ್ದರೆ ಓದಲು ಮಾತ್ರ ಬರುತ್ತದೆ. ಮೂಲದಿಂದ ಪ್ರತಿ ತೆಗೆಯಲು ಅಷ್ಟು ಸಾಕು. ಬರೆಯುವ ಅನುಮತಿ ಮಿರರ್ ಇರುವ ಕಡೆಗೆ ಮಾತ್ರ, ಅದೂ ಬೇರೆ ಕೀಗೆ.

ಸರ್ವರಿನ ಗುರುತು ಬದಲಾದರೆ ಸ್ಕ್ರಿಪ್ಟ್ ನಿಲ್ಲುತ್ತದೆ ಎಂದು ಆ ಗುರುತು ನೋಡುವುದನ್ನೇ ಆಫ್ ಮಾಡುವವರೂ ಇದ್ದಾರೆ. ಅದು ತಪ್ಪು. 2023ರ ಮಾರ್ಚ್‌ನಲ್ಲಿ ಗಿಟ್‌ಹಬ್ ತನ್ನದೇ ಆರ್‌ಎಸ್‌ಎ ಹೋಸ್ಟ್ ಕೀ (ಸರ್ವರಿನ ಗುರುತು ತೋರಿಸುವ ಒಂದು ಬಗೆಯ ಕೀ) ಬದಲಿಸಬೇಕಾಯಿತು, ಏಕೆಂದರೆ ಅದರ ಖಾಸಗಿ ಕೀ ಸ್ವಲ್ಪ ಹೊತ್ತು ಸಾರ್ವಜನಿಕ ರೆಪೊಸಿಟರಿಯಲ್ಲಿ ಬಹಿರಂಗವಾಗಿತ್ತು. ಅಂಥ ದಿನ ಸ್ಕ್ರಿಪ್ಟ್ ನಿಲ್ಲುವುದೇ ಸರಿ. ಎದ್ದು ಹೊಸ ಗುರುತನ್ನು ತಾಳೆ ನೋಡಿ ಸೇರಿಸಬೇಕು. ಇನ್ನೊಂದು ಮಾತು: ಮಿರರ್ ಬ್ಯಾಕಪ್ ಅಲ್ಲ. ಮೂಲದಲ್ಲಿ ಬ್ರ್ಯಾಂಚ್ (ಕೋಡಿನ ಒಂದು ಕವಲು) ಅಳಿಸಿದರೆ ಮಿರರ್ ಪುಶ್, ಅಂದರೆ ಮಿರರಿಗೆ ಕಳಿಸುವ ಕಮಾಂಡ್, ಅಲ್ಲೂ ಅಳಿಸುತ್ತದೆ.

ಪೊನ್ನಂಪೇಟೆ, ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಕ್ಕಳಿಗೆ ಇದನ್ನು ಲ್ಯಾಬಿನಲ್ಲಿ ಕೈಯಾರೆ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಸುಮ್ನೆ ಸ್ಲೈಡ್ ತೋರಿಸಿದರೆ ಸಾಲದು. ಕರೆದರೆ ನಾನೇ ಬಂದು ಹೇಳಿಕೊಡುತ್ತೇನೆ.

– ಓದುಗ, ವಿರಾಜಪೇಟೆ