ತಮ್ಮ ಬ್ಯಾಕಪ್ ಸ್ಕ್ರಿಪ್ಟ್ ಇನ್ನು ಮುಂದೆ ಆಂಬರ್ ಭಾಷೆಯಲ್ಲಿ

ಮಾನ್ಯ ಗ್ರಾಹಕರೇ,

ತಮ್ಮ ಸರ್ವರ್‌ನಲ್ಲಿ ಪ್ರತಿ ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟನ್ನು ಇದುವರೆಗೆ ನಾವು ಬ್ಯಾಶ್‌ನಲ್ಲಿ (ಕಂಪ್ಯೂಟರಿಗೆ ಆಜ್ಞೆ ಕೊಡಲು ಬಳಸುವ ‘ಶೆಲ್’ ಎಂಬ ಬಗೆಯ ತಂತ್ರಾಂಶಗಳಲ್ಲೊಂದು) ಕೈಯಾರೆ ಬರೆದು ಕೊಡುತ್ತಿದ್ದೆವು. ಮುಂದಿನ ತಿಂಗಳಿನಿಂದ ಅದನ್ನು ಆಂಬರ್ ಎಂಬ ಭಾಷೆಯಲ್ಲಿ ಬರೆದು, ಅದರ ಕಂಪೈಲರ್ ಮೂಲಕ ಬ್ಯಾಶ್‌ಗೆ ಪರಿವರ್ತಿಸಿ ಕಳುಹಿಸಲಿದ್ದೇವೆ. ತಮ್ಮ ಕೈಸೇರುವುದು ಹಿಂದಿನಂತೆಯೇ ಒಂದು ಶೆಲ್ ಸ್ಕ್ರಿಪ್ಟ್ ಫೈಲು. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ವಾರ್ಷಿಕ ಶುಲ್ಕವೂ ಬದಲಾಗುವುದಿಲ್ಲ.

ಇದಕ್ಕೆ ಕಾರಣ ನಮ್ಮದೇ ತಪ್ಪು. ಕಳೆದ ಮಳೆಗಾಲದಲ್ಲಿ ಗ್ರಾಹಕರೊಬ್ಬರ ಕಚೇರಿಯಲ್ಲಿ ಕರೆಂಟು ಹೋಗಿ ಬಂದ ಮೇಲೆ ಬ್ಯಾಕಪ್ ಡಿಸ್ಕ್ ಮೌಂಟ್ ಆಗಿರಲಿಲ್ಲ, ಅಂದರೆ ಸರ್ವರ್‌ನ ಬಳಕೆಗೆ ಜೋಡಣೆಯಾಗಿರಲಿಲ್ಲ. ಡಿಸ್ಕ್‌ನ ಫೋಲ್ಡರಿಗೆ ಹೋಗುವ ಆಜ್ಞೆ ವಿಫಲವಾದರೂ ಸ್ಕ್ರಿಪ್ಟ್ ನಿಲ್ಲದೆ ಮುಂದಿನ ಸಾಲಿಗೆ ಹೋಗಿ, ತಾನು ಆಗ ಇದ್ದ ಫೋಲ್ಡರಿನಲ್ಲಿಯೇ 30 ದಿನಕ್ಕಿಂತ ಹಳೆಯ ಫೈಲುಗಳನ್ನೆಲ್ಲ ಅಳಿಸಿಹಾಕಿತು. ಬೇರೆಡೆ ಇನ್ನೊಂದು ಪ್ರತಿ ಇದ್ದುದರಿಂದ ಕಡತಗಳು ಮರಳಿ ಸಿಕ್ಕವು; ಅದು ನಮ್ಮ ಅದೃಷ್ಟವೇ ಹೊರತು ಜಾಣ್ಮೆಯಲ್ಲ.

ದೋಷ ಕಂಡಲ್ಲಿ ನಿಲ್ಲುವಂತೆ ಮಾಡುವ ‘ಸೆಟ್ ಮೈನಸ್ ಇ’ ಬ್ಯಾಶ್‌ನಲ್ಲಿ ಇದೆಯಲ್ಲ ಎಂದು ಬಲ್ಲವರು ಕೇಳಬಹುದು. ನಮ್ಮ ಸ್ಕ್ರಿಪ್ಟ್‌ನಲ್ಲಿ ಅದು ಇತ್ತು. ಆದರೆ ‘ಇಫ್’ ಷರತ್ತಿನಲ್ಲಿ ಕರೆದ ಫಂಕ್ಷನ್ನಿನ (ಹೆಸರಿಟ್ಟ ಆಜ್ಞೆಗಳ ಗುಂಪಿನ) ಒಳಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಮತ್ತು ನಮ್ಮ ಫಂಕ್ಷನ್ನನ್ನು ಕರೆದದ್ದು ಅಲ್ಲಿಂದಲೇ. 1989ರಲ್ಲಿ ಮೊದಲು ಬಿಡುಗಡೆಯಾದ ಬ್ಯಾಶ್ ತನಗಿಂತ ಹಳೆಯ ಬೋರ್ನ್ ಶೆಲ್‌ನ ಸ್ಕ್ರಿಪ್ಟ್‌ಗಳನ್ನೂ ಓಡಿಸಬೇಕಾದ ಹೊಣೆ ಹೊತ್ತಿರುವುದರಿಂದ, ಇಂಥ ನಡವಳಿಕೆ ಇನ್ನು ಬದಲಾಗುತ್ತದೆಂದು ಕಾಯುವುದು ವ್ಯರ್ಥ.

ಆಂಬರ್‌ನಲ್ಲಿ ಶೆಲ್ ಆಜ್ಞೆಯೊಂದನ್ನು ಬರೆದರೆ, ಅದು ವಿಫಲವಾದಾಗ ಏನು ಮಾಡಬೇಕೆಂಬುದನ್ನೂ ಬರೆಯಲೇಬೇಕು: ‘ಫೇಲ್ಡ್’ ಎಂಬ ಭಾಗದಲ್ಲಿ ಪರಿಹಾರ ಹೇಳಬಹುದು, ಪ್ರಶ್ನಾರ್ಥಕ ಚಿಹ್ನೆ ಹಾಕಿ ದೋಷವನ್ನು ಆ ಫಂಕ್ಷನ್ನನ್ನು ಕರೆದ ಭಾಗಕ್ಕೇ ಒಪ್ಪಿಸಬಹುದು, ಇಲ್ಲವೇ ‘ಟ್ರಸ್ಟ್’ ಎಂದು ಬರೆದು ಜವಾಬ್ದಾರಿಯನ್ನು ನಾವೇ ಹೊರಬಹುದು. ಯಾವುದನ್ನೂ ಬರೆಯದಿದ್ದರೆ ಕಂಪೈಲರ್ ಮುಂದುವರಿಯಲು ಒಪ್ಪುವುದಿಲ್ಲ. ಫೈಲು ಅಳಿಸುವ ಆಜ್ಞೆಗಳಿಗೆ ಈ ‘ಟ್ರಸ್ಟ್’ ದಾರಿಯನ್ನು ಬಳಸಬಾರದೆಂದು ನಮ್ಮಲ್ಲಿ ನಿಯಮ ಮಾಡಿಕೊಂಡಿದ್ದೇವೆ.

ಆಂಬರ್ ಇನ್ನೂ ಎಳೆಯ ಭಾಷೆ ಎಂಬುದನ್ನು ಮುಚ್ಚಿಡುವುದಿಲ್ಲ. ಈಗ ‘ಟ್ರಸ್ಟ್’ ಎನ್ನುವ ಪದ ಹಿಂದಿನ ಆವೃತ್ತಿಗಳಲ್ಲಿ ‘ಅನ್‌ಸೇಫ್’ ಆಗಿತ್ತು. ಆದ್ದರಿಂದ ಕಂಪೈಲರ್‌ನ ಒಂದೇ ಆವೃತ್ತಿಗೆ ಅಂಟಿಕೊಂಡು, ಅದರಿಂದ ಹೊರಬಂದ ಬ್ಯಾಶ್ ಫೈಲನ್ನು ಉಬುಂಟುವಿನಲ್ಲಿಯೂ, ಬ್ಯಾಶ್ 3.2ರಲ್ಲಿಯೇ ನಿಂತಿರುವ ಮ್ಯಾಕ್‌ಗಳಲ್ಲಿಯೂ ಓಡಿಸಿ ನೋಡಿಯೇ ಕಳುಹಿಸುತ್ತೇವೆ. ಆ ಫೈಲು ಓದಲು ಹಿತವಾಗಿರುವುದಿಲ್ಲ. ಅದನ್ನು ನೇರವಾಗಿ ತಿದ್ದಿದರೆ ಮುಂದಿನ ಸಲ ತಿದ್ದುಪಡಿ ಅಳಿದುಹೋಗುತ್ತದೆ. ಜೊತೆಗೇ ಕಳುಹಿಸುವ ಆಂಬರ್ ಮೂಲವನ್ನು ತಿದ್ದಿ, ಅಥವಾ ನಮಗೆ ತಿಳಿಸಿ.

ಮೊದಲ ಕೆಲವು ವಾರ ದೋಷದ ಸಂದೇಶಗಳು ಹೆಚ್ಚಾಗಿ ಬರಬಹುದು. ಈವರೆಗೆ ಸದ್ದಿಲ್ಲದೆ ದಾಟಿಹೋಗುತ್ತಿದ್ದ ವೈಫಲ್ಯಗಳು ಈಗ ಕಾಣಿಸಿಕೊಳ್ಳುತ್ತಿವೆ ಎಂದಷ್ಟೇ ಅದರ ಅರ್ಥ. ಬಂದ ಸಂದೇಶವನ್ನು ಹಾಗೆಯೇ ನಮಗೆ ರವಾನಿಸಿದರೆ ಸಾಕು.

ಇನ್ನೊಂದು ಮಾತು: ಕ್ರಾನ್ ಪಟ್ಟಿಯಲ್ಲಿ (ನಿಗದಿತ ಹೊತ್ತಿಗೆ ತಾನಾಗಿಯೇ ಓಡಬೇಕಾದ ಕೆಲಸಗಳ ಪಟ್ಟಿ) ಸ್ಕ್ರಿಪ್ಟ್‌ನ ಹೆಸರಿಗೆ ಮೊದಲು ‘ಎಸ್‌ಎಚ್’ ಎಂದು ಬರೆದುಕೊಂಡಿರುವವರು ದಯವಿಟ್ಟು ಅದನ್ನು ‘ಬ್ಯಾಶ್’ ಎಂದು ಬದಲಿಸಿಕೊಳ್ಳಬೇಕು. 2006ರಿಂದ ಉಬುಂಟುವಿನಲ್ಲಿ ‘ಎಸ್‌ಎಚ್’ ಎಂದರೆ ಡ್ಯಾಶ್ ಎಂಬ ಬೇರೆಯೇ ಶೆಲ್. ಹೊಸ ಫೈಲು ಅದರಲ್ಲಿ ಓಡುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿರ್ವಹಣಾ ವಿಭಾಗದ ಪರವಾಗಿ